ವಿಡಿಯೋ ಪ್ರಾಜೆಕ್ಟನ್ನು ಮಿಕ್ಸಿಂಗ್ ಸ್ಟುಡಿಯೋಗೆ ಕೊಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಸಿನಿಮಾ, ವೆಬ್ ಸರಣಿ, ಕಿರುಚಿತ್ರ, ಸಾಕ್ಷ್ಯಚಿತ್ರ, ಜಾಹೀರಾತುಗಳನ್ನು ಎಡಿಟ್ ಮಾಡಿ, ಸೌಂಡ್ ಕೆಲಸವನ್ನು ಹೊರಗಿನ ಸ್ಟುಡಿಯೋಗೆ ವಹಿಸುವವರಿಗಾಗಿ ಈ ಪುಟ. ಮಿಕ್ಸಿಂಗ್ ಕೋಣೆಯ ಬಾಡಿಗೆ ಗಂಟೆಯ ಲೆಕ್ಕದ್ದು. ಮೊದಲ ಅರ್ಧ ದಿನ ಕಳೆದುಹೋದ ಫೈಲ್ ಹುಡುಕುವುದಕ್ಕೇ ಹೋದರೆ, ಕೊನೆಯ ರೀಲಿಗೆ ಸಿಗಬೇಕಾದ ಗಮನ ಅಷ್ಟು ಕಡಿಮೆಯಾಯಿತು ಎಂದೇ ಅರ್ಥ.

ನನ್ನ ಪ್ರೀಮಿಯರ್ ಪ್ರಾಜೆಕ್ಟ್ ಫೈಲನ್ನೇ ಕೊಟ್ಟರೆ ಆಗುವುದಿಲ್ಲವೇ?

ಆಗುವುದಿಲ್ಲ. ಪ್ರಾಜೆಕ್ಟ್ ಫೈಲಿನೊಳಗೆ ಧ್ವನಿಯೇ ಇರುವುದಿಲ್ಲ. ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿ ಯಾವ ಕ್ಲಿಪ್ ಇದೆ, ಅದರ ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ನುಡಿಸಬೇಕು ಎಂಬ ವಿಳಾಸಪಟ್ಟಿ ಮಾತ್ರ ಅದರಲ್ಲಿರುತ್ತದೆ. ಆ ವಿಳಾಸಗಳು ನಿಮ್ಮ ಕಂಪ್ಯೂಟರಿನಲ್ಲಿ ಸರಿ, ಬೇರೆಡೆ ಕೊಂಡಿ ಕಳಚಿದ ಹಾಗೆ. ಅಲ್ಲದೆ ಮಿಕ್ಸಿಂಗ್ ನಡೆಯುವುದು ಹೆಚ್ಚಾಗಿ ಪ್ರೊ ಟೂಲ್ಸ್ ಎಂಬ ಸೌಂಡ್ ಸಾಫ್ಟ್‌ವೇರಿನಲ್ಲಿ, ಕೆಲವೆಡೆ ನ್ಯೂಎಂಡೊದಲ್ಲಿ. ಅವು ಪ್ರೀಮಿಯರ್ ಪ್ರಾಜೆಕ್ಟನ್ನು ತೆರೆಯಲಾರವು. ಎರಡರ ನಡುವಿನ ದುಭಾಷಿಯೇ ಎಎಎಫ್ ಫೈಲ್: ಕ್ಲಿಪ್‌ಗಳ ಧ್ವನಿಯನ್ನೂ ಟೈಮ್‌ಲೈನಿನಲ್ಲಿ ಅವುಗಳ ಜಾಗವನ್ನೂ ಅದು ಹೊತ್ತೊಯ್ಯುತ್ತದೆ.

ಹಾಗಾದರೆ ಏನೇನು ಕೊಡಬೇಕು?

ಪ್ರತಿ ರೀಲಿಗೆ, ಅಂದರೆ ಚಿತ್ರವನ್ನು ಒಡೆದ ಸುಮಾರು 20 ನಿಮಿಷದ ಭಾಗಕ್ಕೆ, ಒಂದು ಎಎಎಫ್. ಅದೇ ಟೈಮ್‌ಲೈನಿನಿಂದ ಅದೇ ದಿನ ತೆಗೆದ ರೆಫರೆನ್ಸ್ ವಿಡಿಯೋ, ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮಿನ ಅಂಕಿ) ಪರದೆಯ ಮೇಲೆ ಕಾಣುವಂತೆ. ಸಿಂಕ್ ಸೌಂಡ್ (ಚಿತ್ರೀಕರಣದಲ್ಲೇ ಹಿಡಿದ ಮಾತು) ಆಗಿದ್ದರೆ ಸೌಂಡ್ ರೆಕಾರ್ಡಿಸ್ಟ್ ಕೊಟ್ಟ ಮೂಲ ಫೈಲುಗಳೆಲ್ಲ, ಜೊತೆಗೆ ಅವರ ಸೌಂಡ್ ರಿಪೋರ್ಟ್. ಡಬ್ಬಿಂಗ್ ಆಗಿದ್ದರೆ ಡಬ್ಬಿಂಗ್ ಸೆಷನ್. ಹಾಡು ಮತ್ತು ಹಿನ್ನೆಲೆ ಸಂಗೀತದ ಸ್ಟೆಮ್‌ಗಳು, ಅಂದರೆ ಬೇರೆ ಬೇರೆ ಗುಂಪುಗಳಾಗಿ ತೆಗೆದ ಫೈಲುಗಳು. ಒಂದು ಇಡಿಎಲ್, ಅಂದರೆ ಕಟ್ಟುಗಳ ಟೈಮ್‌ಕೋಡ್ ಪಟ್ಟಿ. ಕೊನೆಗೆ ಫ್ರೇಮ್ ರೇಟ್, ರೀಲುಗಳ ಅವಧಿ, ಆವೃತ್ತಿ ಸಂಖ್ಯೆ, ಎಡಿಟರ್ ಮತ್ತು ಪೋಸ್ಟ್ ಮೇಲ್ವಿಚಾರಕರ ಫೋನ್ ನಂಬರ್ ಬರೆದ ಒಂದು ಪುಟ. ಜನ ಈ ಕೊನೆಯದನ್ನೇ ಮರೆಯುತ್ತಾರೆ. ರಾತ್ರಿ ಹತ್ತಕ್ಕೆ ಮೂರನೇ ರೀಲಿನಲ್ಲಿ ಅನುಮಾನ ಬಂದಾಗ ಬೇಕಾಗುವುದೂ ಅದೇ.

ಎಡಿಟ್ ಲಾಕ್ ಎಂದರೆ ಎಲ್ಲಿಯವರೆಗಿನ ಲಾಕ್? ವಿಎಫ್‌ಎಕ್ಸ್, ಡಿಐ (ಬಣ್ಣ ಹೊಂದಿಸುವ ಕೆಲಸ) ಇನ್ನೂ ಮುಗಿದಿಲ್ಲ.

ಅವು ಮುಗಿಯಬೇಕಿಲ್ಲ. ಬಣ್ಣ ಬದಲಾದರೆ ಧ್ವನಿಗೆ ತೊಂದರೆಯಿಲ್ಲ. ವಿಎಫ್‌ಎಕ್ಸ್ ಶಾಟಿನ ಜಾಗದಲ್ಲಿ ಹಸಿರು ಪರದೆಯೇ ಇದ್ದರೂ ಸರಿ, ಅದರ ಅವಧಿ ಬದಲಾಗಬಾರದು. ಲಾಕ್ ಎಂದರೆ ಉದ್ದದ ಲಾಕ್: ಒಂದು ಫ್ರೇಮ್ ಸೇರಬಾರದು, ಒಂದು ಫ್ರೇಮ್ ಹೋಗಬಾರದು. ಆರಂಭದ ಟೈಟಲ್ ಇನ್ನೂ ತಯಾರಾಗಿಲ್ಲದಿದ್ದರೆ, ಅದು ಎಷ್ಟು ಸೆಕೆಂಡ್ ಬರುತ್ತದೆ ಎಂದು ತೀರ್ಮಾನಿಸಿ ಅಷ್ಟೇ ಉದ್ದದ ಕಪ್ಪು ಪರದೆ ಹಾಕಿ. ನಿರ್ಮಾಣ ಸಂಸ್ಥೆಗಳ ಲೋಗೋಗಳಿಗೂ ಹೀಗೆಯೇ. ಲೋಗೋ ಕೊನೆಗೆ ಸೇರಿಸಿಕೊಳ್ಳೋಣ ಎಂದು ಬಿಟ್ಟರೆ ಮೊದಲ ರೀಲಿನ ಎಲ್ಲ ಟೈಮ್‌ಕೋಡ್‌ಗಳೂ ಸರಿದುಹೋಗುತ್ತವೆ.

ಎಎಎಫ್ ತೆಗೆಯುವ ಮೊದಲು ಟೈಮ್‌ಲೈನನ್ನು ಹೇಗೆ ಸಿದ್ಧ ಮಾಡಬೇಕು?

ಮೊದಲು ಸೀಕ್ವೆನ್ಸನ್ನು ನಕಲು ಮಾಡಿಕೊಳ್ಳಿ, ಮುಂದಿನ ಕೆಲಸವೆಲ್ಲ ನಕಲಿನ ಮೇಲೆ.

ಟ್ರ್ಯಾಕುಗಳನ್ನು ವಿಂಗಡಿಸುವುದರಿಂದ ಶುರು ಮಾಡಿ. ಮೇಲೆ ಸಂಭಾಷಣೆ, ಅದರ ಕೆಳಗೆ ಸ್ಥಳದಲ್ಲಿ ಹಿಡಿದ ಇತರ ಶಬ್ದ, ನಂತರ ಎಫೆಕ್ಟ್ಸ್, ಆಂಬಿಯೆನ್ಸ್, ಸಂಗೀತ. ಎಡಿಟ್ ಮಾಡುವಾಗ ಖಾಲಿ ಕಂಡಲ್ಲೆಲ್ಲ ಕ್ಲಿಪ್ ಇಟ್ಟಿರುತ್ತೀರಿ, ಅದು ಸಹಜ. ಆದರೆ ನಾಯಕಿಯ ಮಾತು, ಬಾಗಿಲು ಬಡಿದ ಸದ್ದು, ವೀಣೆಯ ತುಣುಕು ಒಂದೇ ಟ್ರ್ಯಾಕಿನಲ್ಲಿ ಒಂದರ ಹಿಂದೆ ಒಂದು ಬಂದರೆ, ಸಂಭಾಷಣೆಗೆ ಹಾಕಿದ ಈಕ್ಯೂ (ದನಿಯ ತಾರ-ಮಂದ್ರ ಹೊಂದಿಸುವ ಎಫೆಕ್ಟ್) ವೀಣೆಗೂ ಬೀಳುತ್ತದೆ. ಸಂಭಾಷಣೆಯೊಳಗೂ ಬೂಮ್ (ಕೋಲಿನ ತುದಿಯ ಮೈಕ್) ಒಂದು ಟ್ರ್ಯಾಕಿನಲ್ಲಿ, ಲೇಪಲ್ (ಬಟ್ಟೆಗೆ ಸಿಕ್ಕಿಸುವ ಮೈಕ್) ಇನ್ನೊಂದರಲ್ಲಿ ಇದ್ದರೆ ಒಳ್ಳೆಯದು.

ಮಲ್ಟಿಕ್ಯಾಮ್ ಕ್ಲಿಪ್‌ಗಳನ್ನು ಫ್ಲಾಟನ್ ಮಾಡಿ, ಅಂದರೆ ಆಯ್ದ ಕ್ಯಾಮರಾದ ಕ್ಲಿಪ್ ಮಾತ್ರ ಉಳಿಸಿ. ನೆಸ್ಟ್ ಮಾಡಿದ, ಅಂದರೆ ಒಂದೇ ಕ್ಲಿಪ್ಪಿನಂತೆ ಒಳಗಿಟ್ಟ, ಸೀಕ್ವೆನ್ಸುಗಳನ್ನು ಬಿಡಿಸಿ. ಪ್ರೀಮಿಯರ್‌ನಲ್ಲಿ ಸೀಕ್ವೆನ್ಸನ್ನು ನೆಸ್ಟ್ ಆಗಿ ಇಳಿಸಬೇಕೋ ಬಿಡಿ ಕ್ಲಿಪ್‌ಗಳಾಗಿ ಇಳಿಸಬೇಕೋ ಎಂದು ತೀರ್ಮಾನಿಸುವ ಸಣ್ಣ ಬಟನ್ ಟೈಮ್‌ಲೈನಿನ ಎಡಮೂಲೆಯಲ್ಲಿದೆ. ಅದನ್ನು ಆಫ್ ಮಾಡಿ, ನೆಸ್ಟನ್ನು ಮತ್ತೆ ಅದೇ ಜಾಗಕ್ಕೆ ಎಳೆದು ತಂದರೆ ಒಳಗಿನ ಕ್ಲಿಪ್‌ಗಳು ಹೊರಬರುತ್ತವೆ. ನೆಸ್ಟ್ ಹಾಗೇ ಉಳಿದರೆ ಒಳಗಿನ ಆರು ಟ್ರ್ಯಾಕ್ ಅರೆದು ಒಂದಾಗಿ ಬರಬಹುದು, ಇಲ್ಲವೇ ಏನೂ ಬಾರದೆ ಇರಬಹುದು.

ವೇಗ ಬದಲಿಸಿದ ಕ್ಲಿಪ್‌ಗಳ ಧ್ವನಿ ಎಎಎಫ್ ಮೂಲಕ ನಂಬಿಕಸ್ತವಾಗಿ ದಾಟುವುದಿಲ್ಲ. ಅಂಥದ್ದನ್ನು ರೆಂಡರ್ ಮಾಡಿ ಹೊಸ ವೇವ್ ಫೈಲಾಗಿಸಿ ಟೈಮ್‌ಲೈನಿನಲ್ಲಿ ಇಡಿ, ಮೂಲವನ್ನೂ ಪಕ್ಕದ ಟ್ರ್ಯಾಕಿನಲ್ಲಿ ಮ್ಯೂಟ್ ಮಾಡಿ ಇಡಿ. ಬೇಡವಾದ ಡಿಸೇಬಲ್ ಕ್ಲಿಪ್‌ಗಳನ್ನು ಅಳಿಸಿ, ಇಲ್ಲದಿದ್ದರೆ ಬೇಡದ ಟೇಕ್ ಸ್ಟುಡಿಯೋದಲ್ಲಿ ಎದ್ದು ಕೂರುತ್ತದೆ. ಕ್ಯಾಮರಾದ ಎರಡು ಚಾನೆಲ್‌ಗಳಲ್ಲೂ ಒಂದೇ ಧ್ವನಿಯಿದ್ದರೆ ಒಂದನ್ನು ಮಾತ್ರ ಉಳಿಸಿ.

ನಾನು ಹಾಕಿದ ಎಫೆಕ್ಟ್, ವಾಲ್ಯೂಮ್ ಬದಲಾವಣೆಗಳು ಅವರಿಗೆ ಸಿಗುತ್ತವೆಯೇ?

ಕ್ಲಿಪ್ಪಿನ ವಾಲ್ಯೂಮ್ ಕೀಫ್ರೇಮ್, ಫೇಡ್, ಕ್ರಾಸ್‌ಫೇಡ್‌ಗಳು ಸಾಮಾನ್ಯವಾಗಿ ಸಿಗುತ್ತವೆ. ಈಕ್ಯೂ, ಕಂಪ್ರೆಸರ್, ರಿವರ್ಬ್ ಮೊದಲಾದ ಪ್ಲಗಿನ್‌ಗಳು ಸಿಗುವುದಿಲ್ಲ, ಟ್ರ್ಯಾಕಿನ ಮೇಲೆ ಹಾಕಿದವಂತೂ ಇಲ್ಲವೇ ಇಲ್ಲ. ಫೋನಿನೊಳಗಿಂದ ಬರುವ ದನಿ, ದೇವಸ್ಥಾನದ ಮೈಕಿನ ದನಿ ಇಂಥದ್ದನ್ನು ನಿರ್ದೇಶಕರು ಒಪ್ಪಿದ ರೂಪದಲ್ಲೇ ಕೇಳಿಸಬೇಕೆಂದರೆ, ರೆಂಡರ್ ಆದದ್ದನ್ನು ಬೇರೆ ಟ್ರ್ಯಾಕಿನಲ್ಲಿ ಹಾಕಿ, ಎಫೆಕ್ಟ್ ಇಲ್ಲದ ಮೂಲವನ್ನು ಅದರ ಕೆಳಗಿಡಿ. ಒಂದು ಮಾದರಿ, ಇನ್ನೊಂದು ಕಚ್ಚಾವಸ್ತು. ಎರಡೂ ಬೇಕು.

ನಾಯ್ಸ್ ತೆಗೆದು ಕೊಡಲೇ? ಈಗ ಎಐ ಟೂಲ್‌ಗಳು ಚೆನ್ನಾಗಿವೆಯಲ್ಲ.

ದಯವಿಟ್ಟು ಬೇಡ. ಪ್ರೇಕ್ಷಕರಿಗೆ ತೋರಿಸುವ ರಫ್ ಕಟ್‌ಗೆ ಏನು ಬೇಕಾದರೂ ಮಾಡಿಕೊಳ್ಳಿ, ಸ್ಟುಡಿಯೋಗೆ ಮಾತ್ರ ಮುಟ್ಟದ ಮೂಲ ಬರಲಿ. ಗದ್ದಲದ ಜೊತೆ ವ್ಯಂಜನಗಳ ಅಂಚೂ ಹೋಗಿರುತ್ತದೆ. ಕನ್ನಡದಲ್ಲಿ ಇದು ಬೇಗ ಎದ್ದು ಕಾಣುತ್ತದೆ: ಮಹಾಪ್ರಾಣದ ಉಸಿರು, ‘ಶ’ ಮತ್ತು ‘ಸ’ಗಳ ವ್ಯತ್ಯಾಸ, ‘ಳ’ದ ಮಡಚು ಮಸುಕಾದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಒಮ್ಮೆ ಹೋದದ್ದನ್ನು ಮರಳಿ ತರುವ ಉಪಾಯವಿಲ್ಲ. ಹೊರಗೆ ಹಾರ್ನ್ ಇದ್ದರೆ, ಪಕ್ಕದ ಮನೆಯ ಕುಕ್ಕರ್ ಕೂಗಿದ್ದರೆ ಹಾಗೆಯೇ ಕೊಡಿ. ಅದೇ ಸಾಲಿನ ಬೇರೆ ಟೇಕುಗಳು ಎಲ್ಲಿವೆ ಎಂದು ಗುರುತು ಹಾಕಿ ಕೊಟ್ಟರೆ ಇನ್ನೂ ಉಪಕಾರ. ಹಾರ್ನ್ ಬಿದ್ದ ಒಂದು ಪದವನ್ನು ಇನ್ನೊಂದು ಟೇಕಿನಿಂದ ಎರವಲು ತಂದು ಕೂರಿಸುವುದು ಎಷ್ಟೋ ಸಲ ಅತ್ಯುತ್ತಮ ಪರಿಹಾರ.

ಪ್ರತಿ ಸ್ಥಳದ ರೂಮ್ ಟೋನ್, ಅಂದರೆ ಯಾರೂ ಮಾತಾಡದ ಕೋಣೆಯ ಬರಿಯ ಸದ್ದು, 30 ಸೆಕೆಂಡಿನಿಂದ 1 ನಿಮಿಷದಷ್ಟಾದರೂ ಇದ್ದರೆ ಮರೆಯದೆ ಸೇರಿಸಿ. ಎರಡು ಸಾಲುಗಳ ನಡುವೆ ಬೀಳುವ ರಂಧ್ರಗಳನ್ನು ಮುಚ್ಚುವುದು ಅದರಿಂದಲೇ.

ಎಎಎಫ್ ಒಳ್ಳೆಯದೋ ಒಎಂಎಫ್ ಒಳ್ಳೆಯದೋ?

ಎಎಎಫ್. ಒಎಂಎಫ್ ಇದೇ ಕೆಲಸದ ಹಳೆಯ ಫಾರ್ಮ್ಯಾಟ್, ಅದರ ಗಾತ್ರ 2 ಜಿಬಿ ದಾಟುವಂತಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಮೊನೊ ಟ್ರ್ಯಾಕ್ ಗಂಟೆಗೆ ಸುಮಾರು 518 ಎಂಬಿ ತಿನ್ನುತ್ತದೆ. ಅಂದರೆ 20 ನಿಮಿಷದ ರೀಲಿನಲ್ಲಿ 12 ಟ್ರ್ಯಾಕ್ ತುಂಬಿದ್ದರೆ ಅಲ್ಲಿಗೇ ಮಿತಿ ಮುಟ್ಟಿತು. ಕ್ಲಿಪ್ಪಿನ ಹೆಸರುಗಳೂ ಎಎಎಫ್‌ನಲ್ಲಿ ಹೆಚ್ಚು ಸುರಕ್ಷಿತವಾಗಿ ದಾಟುತ್ತವೆ.

ಪ್ರೀಮಿಯರ್‌ನಿಂದ ತೆಗೆಯುವ ಸೆಟ್ಟಿಂಗ್‌ಗಳೇನು?

ಸೀಕ್ವೆನ್ಸನ್ನು ಆಯ್ದು, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಎಎಎಫ್ ಒತ್ತಿ. ಸ್ಯಾಂಪಲ್ ರೇಟ್ 48000, ಬಿಟ್ 24, ಫಾರ್ಮ್ಯಾಟ್ ಬ್ರಾಡ್‌ಕಾಸ್ಟ್ ವೇವ್. ಬ್ರೇಕ್‌ಔಟ್ ಟು ಮೊನೊ ಆನ್ ಇರಲಿ. ಧ್ವನಿ ಎಂಬೆಡ್ ಆದರೆ ಒಂದೇ ಫೈಲ್, ಸಾಗಿಸುವುದು ಸುಲಭ. ರೀಲ್ ದೊಡ್ಡದಾಗಿ ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಂತರೆ ಸಪರೇಟ್ ಆಡಿಯೋ ಆರಿಸಿ, ಆಗ ಎಎಎಫ್ ಜೊತೆ ಹುಟ್ಟುವ ಫೋಲ್ಡರನ್ನೂ ಕೊಡಬೇಕು. ಎಎಎಫ್ ಮಾತ್ರ ಬಂದು ಫೋಲ್ಡರ್ ಮನೆಯಲ್ಲೇ ಉಳಿಯುವುದು ತುಂಬಾ ಸಾಮಾನ್ಯ.

ಟ್ರಿಮ್ ಆಡಿಯೋ ಫೈಲ್ಸ್ ಆರಿಸಿ ಹ್ಯಾಂಡಲ್ ಕೊಡಿ. ಕ್ಲಿಪ್ ಎಫೆಕ್ಟ್‌ಗಳನ್ನು ರೆಂಡರ್ ಮಾಡುವ ಆಯ್ಕೆ ಆಫ್ ಇರಲಿ, ಆನ್ ಮಾಡಲೇಬೇಕಾದರೆ ಎಫೆಕ್ಟ್ ಇಲ್ಲದ ಪ್ರತಿಯನ್ನೂ ಸೇರಿಸುವ ಆಯ್ಕೆಗೆ ಗುರುತು ಹಾಕಿ.

ಹ್ಯಾಂಡಲ್ ಎಷ್ಟಿರಬೇಕು, ಯಾಕೆ?

ಕ್ಲಿಪ್ಪಿನ ಎರಡೂ ಬದಿಗೆ ಕಟ್ಟಿನಾಚೆಗೆ ಕೊಡುವ ಹೆಚ್ಚುವರಿ ಧ್ವನಿಯೇ ಹ್ಯಾಂಡಲ್. ಉಸಿರಿನ ಮಧ್ಯೆ ಬಿದ್ದ ಕಟ್ಟನ್ನು ಹಿಂದಕ್ಕೆ ಎಳೆಯಲು, ಎರಡು ಶಾಟುಗಳ ಹಿನ್ನೆಲೆ ಗದ್ದಲವನ್ನು ಒಂದರೊಳಗೊಂದು ಬೆರೆಸಲು ಅದಿಲ್ಲದೆ ದಾರಿಯಿಲ್ಲ. ಕನಿಷ್ಠ 5 ಸೆಕೆಂಡ್, 10 ಇದ್ದರೆ ನೆಮ್ಮದಿ. ಕೆಲವು ಸಾಫ್ಟ್‌ವೇರ್ ಇದನ್ನು ಫ್ರೇಮ್‌ಗಳಲ್ಲಿ ಕೇಳುತ್ತವೆ, 24 ಫ್ರೇಮಿನ ಟೈಮ್‌ಲೈನಿನಲ್ಲಿ 10 ಸೆಕೆಂಡಿಗೆ 240 ಎಂದು ತುಂಬಿ. ಅದನ್ನು ಸೆಕೆಂಡ್ ಎಂದು ಭಾವಿಸಿ 10 ಎಂದು ತುಂಬಿದರೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ.

ಫೈಲ್ ದೊಡ್ಡದಾಗುತ್ತದೆಂಬ ಹೆದರಿಕೆ ಬೇಡ. 1500 ಮೊನೊ ಕ್ಲಿಪ್‌ಗಳಿಗೆ ಎರಡೂ ಬದಿ 10 ಸೆಕೆಂಡ್ ಕೊಟ್ಟರೂ ಹೆಚ್ಚುವುದು ಸುಮಾರು 4.3 ಜಿಬಿ.

ರಿಸಾಲ್ವ್, ಫೈನಲ್ ಕಟ್, ಅವಿಡ್ ಬಳಸುವವರು?

ಡಾವಿಂಚಿ ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ ಪ್ರೊ ಟೂಲ್ಸ್ ಎಂಬ ಪ್ರೀಸೆಟ್ ಸಿದ್ಧವಿದೆ. ಎಎಎಫ್, ಬಿಡಿ ಆಡಿಯೋ ಫೈಲುಗಳು, ರೆಫರೆನ್ಸ್ ವಿಡಿಯೋ ಒಟ್ಟಿಗೆ ಬರುತ್ತವೆ, ಮೂರನ್ನೂ ಒಂದೇ ಫೋಲ್ಡರಿನಲ್ಲಿ ಬಿಡಿ. ಫೈನಲ್ ಕಟ್ ಪ್ರೊ ನೇರವಾಗಿ ಎಎಎಫ್ ಕೊಡುವುದಿಲ್ಲ. ಎಕ್ಸ್‌ಎಂಎಲ್ ತೆಗೆದು ಎಕ್ಸ್2ಪ್ರೊ ಎಂಬ ಸಾಫ್ಟ್‌ವೇರ್ ಮೂಲಕ ಬದಲಿಸಬೇಕು, ಇಲ್ಲವೇ ರಿಸಾಲ್ವ್‌ಗೆ ತಂದು ಅಲ್ಲಿಂದ ತೆಗೆಯಬೇಕು. ಫೈನಲ್ ಕಟ್‌ನಲ್ಲಿ ಟ್ರ್ಯಾಕುಗಳೇ ಇಲ್ಲವಾದ್ದರಿಂದ ಪ್ರತಿ ಕ್ಲಿಪ್ಪಿಗೂ ರೋಲ್ ಸರಿಯಾಗಿ ಕೊಟ್ಟಿರಬೇಕು, ಟ್ರ್ಯಾಕ್ ವಿಂಗಡಣೆ ಆಗುವುದು ಅದರ ಮೇಲೆಯೇ. ಅವಿಡ್‌ನಲ್ಲಿ ಕನ್ಸಾಲಿಡೇಟ್ ಆಯ್ದು ಹ್ಯಾಂಡಲ್ ಕೊಟ್ಟರೆ ಸಾಕು.

ಫ್ರೇಮ್ ರೇಟ್ 24 ಮತ್ತು 23.976 ಎರಡೂ ಒಂದೇ ತಾನೆ?

ಅಲ್ಲ, ಹೆಚ್ಚಿನ ಸಿಂಕ್ ದೂರುಗಳ ಬೇರು ಇಲ್ಲೇ ಇದೆ. ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು, ಅಂದರೆ ನಿಮಿಷಕ್ಕೆ 60 ಮಿಲಿಸೆಕೆಂಡ್. ಅದು ಹೆಚ್ಚುಕಮ್ಮಿ ಒಂದೂವರೆ ಫ್ರೇಮ್. ಮೊದಲ ನಿಮಿಷದಲ್ಲಿ ಯಾರಿಗೂ ತಿಳಿಯುವುದಿಲ್ಲ. 20 ನಿಮಿಷದ ರೀಲ್ ಮುಗಿಯುವ ಹೊತ್ತಿಗೆ ತುಟಿಗೂ ಮಾತಿಗೂ 1.2 ಸೆಕೆಂಡ್ ಅಂತರ ಬಿದ್ದಿರುತ್ತದೆ.

ಚಿತ್ರಮಂದಿರಕ್ಕೆ ಹೋಗುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ, ಸಾಮಾನ್ಯವಾಗಿ ನಿಖರ 24. ಅನೇಕ ಮಿರರ್‌ಲೆಸ್ ಕ್ಯಾಮರಾಗಳ ಮೆನುವಿನಲ್ಲಿ 24ಪಿ ಎಂದು ಬರೆದಿದ್ದರೂ ಒಳಗೆ ರೆಕಾರ್ಡ್ ಆಗುವುದು 23.976. ಎಡಿಟರ್ ಅದನ್ನು 24 ಎಂದು ಇಂಟರ್‌ಪ್ರೆಟ್ ಮಾಡಿ, ಸೌಂಡ್ ರೆಕಾರ್ಡರಿನ ಫೈಲನ್ನು ಹಾಗೇ ಬಿಟ್ಟರೆ ಜಾರುವಿಕೆ ಶುರು. ಇದನ್ನು ಚಿತ್ರೀಕರಣಕ್ಕೆ ಮೊದಲೇ ಛಾಯಾಗ್ರಾಹಕರು, ಸೌಂಡ್ ರೆಕಾರ್ಡಿಸ್ಟ್, ಎಡಿಟರ್ ಮೂವರೂ ಕೂತು ತೀರ್ಮಾನಿಸಬೇಕು. ಟೈಮ್‌ಲೈನ್ ಈಗಾಗಲೇ 23.976ರಲ್ಲಿದ್ದರೆ ನೀವೇ ತಿದ್ದಲು ಹೋಗಬೇಡಿ. ಹಾಗೆಯೇ ಕೊಟ್ಟು, ಇದ್ದದ್ದನ್ನು ಬರೆದು ತಿಳಿಸಿ. ಮಿಕ್ಸ್ ಮುಗಿದ ಮೇಲೆ ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ಅಳತೆಯಲ್ಲಿ ಬದಲಿಸಬಹುದು.

ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿನುಗು ತಪ್ಪಿಸಲು 25ರಲ್ಲಿ ಚಿತ್ರೀಕರಿಸುವವರೂ ಇದ್ದಾರೆ. ಟಿವಿ, ಜಾಹೀರಾತಿಗೆ ಅದು ಸರಿ. ಚಿತ್ರಮಂದಿರಕ್ಕೆಂದು 24ಕ್ಕೆ ಇಳಿಸಿದರೆ 2 ಗಂಟೆಯ ಚಿತ್ರ 2 ಗಂಟೆ 5 ನಿಮಿಷವಾಗುತ್ತದೆ, ಶ್ರುತಿ ಸುಮಾರು ಮುಕ್ಕಾಲು ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ) ಇಳಿಯುತ್ತದೆ. ಹಾಡಿರುವ ಚಿತ್ರಕ್ಕೆ ಇದು ಸಣ್ಣ ವಿಷಯವಲ್ಲ. 24ರಲ್ಲೇ ಶಟರ್ 172.8 ಡಿಗ್ರಿ ಇಟ್ಟರೆ ಮಿನುಗು ಬಹುಮಟ್ಟಿಗೆ ತಪ್ಪುತ್ತದೆ.

ಮೊಬೈಲಿನಲ್ಲಿ ಹಿಡಿದ ಶಾಟುಗಳಿದ್ದರೆ ಅವುಗಳ ಫ್ರೇಮ್ ರೇಟ್ ಕ್ಷಣಕ್ಷಣಕ್ಕೂ ಬದಲಾಗುತ್ತಿರಬಹುದು. ಎಡಿಟ್ ಶುರುವಿಗೆ ಮೊದಲೇ ಸ್ಥಿರ ರೇಟಿಗೆ ಬದಲಿಸಿಕೊಳ್ಳಿ.

ರೆಫರೆನ್ಸ್ ವಿಡಿಯೋ ಹೇಗಿರಬೇಕು?

1920×1080, ಪ್ರೊರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಡಿ 36. ಎರಡನೆಯದರಲ್ಲಿ 20 ನಿಮಿಷದ ರೀಲ್ ಸುಮಾರು 5.4 ಜಿಬಿ. ಎಚ್.264 ಚಿಕ್ಕದಾಗಿರುತ್ತದೆ ನಿಜ, ಆದರೆ ಅದರಲ್ಲಿ ಹೆಚ್ಚಿನ ಫ್ರೇಮುಗಳು ಅಕ್ಕಪಕ್ಕದ ಫ್ರೇಮುಗಳನ್ನು ನೋಡಿ ಕಟ್ಟಿಕೊಳ್ಳುವಂಥವು. ಪ್ರೊ ಟೂಲ್ಸ್‌ನಲ್ಲಿ ಹಿಂದೆ ಮುಂದೆ ಎಳೆದಾಡುವಾಗ ಚಿತ್ರ ತಡವರಿಸುತ್ತದೆ. ಹೆಜ್ಜೆ ಸದ್ದನ್ನು ಫ್ರೇಮಿಗೆ ಕೂರಿಸುವ ಫೋಲಿ ಕಲಾವಿದರಿಗೆ ಅದು ಹಿಂಸೆ.

ಟೈಮ್‌ಕೋಡ್ ಅಂಕಿಗಳು ಮೇಲಿನ ಮೂಲೆಯಲ್ಲಿ ಸಣ್ಣದಾಗಿರಲಿ, ತುಟಿಯ ಮೇಲೆ ಬೇಡ. ವಿಡಿಯೋದ ಆಡಿಯೋದಲ್ಲಿ ಎಡಗಡೆ ಸಂಭಾಷಣೆ, ಬಲಗಡೆ ಸಂಗೀತ ಮತ್ತು ಎಫೆಕ್ಟ್ಸ್ ಹಾಕಿದರೆ, ಎಎಎಫ್‌ನಲ್ಲಿ ಕ್ಲಿಪ್ ಸರಿದಿದೆಯೇ ಎಂದು ಹೋಲಿಸಲು ಸುಲಭ.

ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ 2 ಸೆಕೆಂಡ್ ಮೊದಲು ಒಂದೇ ಒಂದು ಫ್ರೇಮ್ ಉದ್ದದ, 1 ಕಿಲೋಹರ್ಟ್ಸ್ ಬೀಪ್ ಇರಬೇಕು. ಅದೇ ಫ್ರೇಮಿನಲ್ಲಿ ಪರದೆಯ ಮೇಲೆ 2 ಎಂಬ ಅಂಕಿ ಅಥವಾ ಬಿಳಿ ಮಿಂಚು. ರೀಲ್ 01:00:00:00ಕ್ಕೆ ಆರಂಭವಾಗುವುದಾದರೆ ಬೀಪ್ 00:59:58:00ರಲ್ಲಿ. ರೀಲ್ ಮುಗಿದ 2 ಸೆಕೆಂಡಿಗೆ ಇನ್ನೊಂದು. ಬೀಪ್ ಎಎಎಫ್‌ನಲ್ಲೂ ವಿಡಿಯೋದಲ್ಲೂ ಇರಬೇಕು, ಒಂದರಲ್ಲಿ ಮಾತ್ರ ಇದ್ದರೆ ಹೋಲಿಸುವುದು ಯಾವುದಕ್ಕೆ? 48 ಕಿಲೋಹರ್ಟ್ಸ್‌ನಲ್ಲಿ 24ರ ಒಂದು ಫ್ರೇಮಿಗೆ ಸರಿಯಾಗಿ 2000 ಸ್ಯಾಂಪಲ್, 25ಕ್ಕೆ 1920, 23.976ಕ್ಕೆ 2002. ಬೀಪಿನ ಉದ್ದ ಅಳೆದರೆ ನಿಮ್ಮ ನಿಜವಾದ ಫ್ರೇಮ್ ರೇಟ್ ಸ್ಟುಡಿಯೋಗೆ ಗೊತ್ತಾಗಿಬಿಡುತ್ತದೆ.

ರೀಲುಗಳಾಗಿ ಒಡೆಯಲೇಬೇಕೇ? ಈಗ ಫಿಲ್ಮೇ ಇಲ್ಲವಲ್ಲ.

35 ಎಂಎಂ ಕಾಲದಲ್ಲಿ 2000 ಅಡಿಯ ರೀಲ್ ಸುಮಾರು 22 ನಿಮಿಷ ಓಡುತ್ತಿತ್ತು, ಅಭ್ಯಾಸ ಅಲ್ಲಿಂದ ಬಂದದ್ದು. ಫಿಲ್ಮ್ ಹೋದರೂ ಲಾಭ ಉಳಿದಿದೆ. ಲಾಕ್ ಆದ ಮೇಲೆ ಎರಡನೇ ರೀಲಿನಲ್ಲಿ 3 ಸೆಕೆಂಡ್ ಕತ್ತರಿಸಿದರೆ, ಉಳಿದ ರೀಲುಗಳ ಕೆಲಸ ಕದಲುವುದಿಲ್ಲ. ಒಬ್ಬರು ಒಂದನೇ ರೀಲಿನ ಫೋಲಿ ಮಾಡುವಾಗ ಇನ್ನೊಬ್ಬರು ನಾಲ್ಕನೆಯದರ ಸಂಭಾಷಣೆ ಶುಚಿ ಮಾಡಬಹುದು.

2 ಗಂಟೆ 20 ನಿಮಿಷದ ಚಿತ್ರವಾದರೆ 7 ರೀಲ್. ಒಂದು ಒಡಕು ಇಂಟರ್‌ವಲ್‌ಗೆ ಸರಿಯಾಗಿ ಬರಲಿ. ಒಡೆಯುವ ಜಾಗದಲ್ಲಿ ಸಂಗೀತ, ಮಾತು, ಪ್ರತಿಧ್ವನಿ ಯಾವುದೂ ಆಚೆ ಈಚೆ ಹರಿಯುತ್ತಿರಬಾರದು. ಹಾಡಿನ ಮಧ್ಯೆಯಂತೂ ಒಡೆಯಲೇಬೇಡಿ. ಒಂದನೇ ರೀಲ್ 01 ಗಂಟೆಗೆ, ಎರಡನೆಯದು 02 ಗಂಟೆಗೆ ಆರಂಭವಾದರೆ ಟೈಮ್‌ಕೋಡ್ ನೋಡಿದೊಡನೆ ಯಾವ ರೀಲೆಂದು ತಿಳಿಯುತ್ತದೆ. ಕಿರುಚಿತ್ರಕ್ಕೆ, ಜಾಹೀರಾತಿಗೆ ರೀಲ್ ಬೇಕಿಲ್ಲ.

ಸಿಂಕ್ ಸೌಂಡ್ ಚಿತ್ರಕ್ಕೆ ಎಎಎಫ್ ಸಾಲದೇ? ಮೂಲ ಫೈಲುಗಳು ಯಾಕೆ?

ರೆಕಾರ್ಡಿಸ್ಟ್ ಕೊಡುವ ಪಾಲಿವೇವ್ ಫೈಲಿನಲ್ಲಿ ಮೊದಲ ಒಂದೆರಡು ಟ್ರ್ಯಾಕ್ ಸ್ಥಳದಲ್ಲೇ ಮಾಡಿದ ಮಿಕ್ಸ್, ಉಳಿದವು ಬೂಮ್ ಮತ್ತು ಪ್ರತಿ ನಟರ ಲೇಪಲ್. ಎಡಿಟ್‌ಗೆ ಅನುಕೂಲವೆಂದು ಮಿಕ್ಸ್ ಟ್ರ್ಯಾಕ್ ಮಾತ್ರ ಬಳಸಿದ್ದರೆ ಎಎಎಫ್‌ನಲ್ಲಿ ಬರುವುದೂ ಅದೊಂದೇ. ಸ್ಟುಡಿಯೋಗೆ ಬೇಕಾದದ್ದು ಬಿಡಿ ಮೈಕುಗಳು. ಫೈಲಿನೊಳಗಿನ ಟೈಮ್‌ಕೋಡ್, ಸೀನ್, ಟೇಕ್ ಮಾಹಿತಿಯನ್ನು ಹೊಂದಿಸಿ ಪ್ರೊ ಟೂಲ್ಸ್ ಅವನ್ನು ತಾನೇ ಹುಡುಕಿ ತರಬಲ್ಲದು. ಆದರೆ ಆ ಮಾಹಿತಿ ಉಳಿದಿರಬೇಕು. ಫೈಲಿನ ಹೆಸರು ಬದಲಿಸಿದರೆ, ಬೇರೆ ಸಾಫ್ಟ್‌ವೇರಿನಲ್ಲಿ ತೆರೆದು ಮರುಉಳಿಸಿದರೆ, ಎಂಪಿ3 ಮಾಡಿದರೆ ಹುಡುಕುವ ಸುಳಿವೇ ಅಳಿಸಿಹೋಗುತ್ತದೆ. ದಿನವಾರು ಫೋಲ್ಡರುಗಳನ್ನು ರೆಕಾರ್ಡಿಸ್ಟ್ ಕೊಟ್ಟ ಹಾಗೆಯೇ ನಕಲು ಮಾಡಿ.

32 ಬಿಟ್ ಫ್ಲೋಟ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಇನ್ನೊಂದು ಕಾರಣವಿದೆ. ಶೂನ್ಯ ಡೆಸಿಬೆಲ್ ದಾಟಿದ ಕೂಗು ಆ ಫೈಲಿನಲ್ಲಿ ಕೆಟ್ಟಿರುವುದಿಲ್ಲ, ತಗ್ಗಿಸಿದರೆ ಪೂರ್ತಿ ಸಿಗುತ್ತದೆ. 24 ಬಿಟ್ ಎಎಎಫ್ ಆಗುವಾಗ ಅದರ ತಲೆ ಕತ್ತರಿಸಿಹೋಗುತ್ತದೆ.

ಚಿತ್ರ ಪೂರ್ತಿ ಡಬ್ಬಿಂಗ್. ಆಗ?

ಸ್ಥಳದಲ್ಲಿ ಹಿಡಿದ ಪೈಲಟ್ ಟ್ರ್ಯಾಕನ್ನು ಬಿಸಾಡಬೇಡಿ. ಡಬ್ ಆದ ಮಾತು ತುಟಿಗೆ ಕೂತಿದೆಯೇ ಎಂದು ನೋಡುವ ಅಳತೆಗೋಲು ಅದು. ಡಬ್ಬಿಂಗ್ ಸ್ಟುಡಿಯೋದಿಂದ ಒಟ್ಟುಗೂಡಿಸಿದ ಒಂದು ಸ್ಟೀರಿಯೋ ಫೈಲ್ ತರುವ ಬದಲು ಸೆಷನನ್ನೇ ತನ್ನಿ: ಪಾತ್ರಕ್ಕೊಂದು ಟ್ರ್ಯಾಕ್, ಒಪ್ಪಿದ ಟೇಕ್ ಮೇಲೆ, ಉಳಿದವು ಕೆಳಗೆ. ಗುಂಪಿನ ಗದ್ದಲ ಬೇರೆಯಾಗಿರಲಿ.

ಸಂಭಾಷಣೆಯ ಪ್ರತಿಯನ್ನು ಟೈಮ್‌ಕೋಡ್ ಸಹಿತ ಕೊಡಿ. ಮಂಡ್ಯ, ಧಾರವಾಡ, ಕುಂದಾಪುರದ ಮಾತು ಇರುವ ಚಿತ್ರದಲ್ಲಿ ಒಂದು ಪದ ಅಸ್ಪಷ್ಟವಾಗಿ ಕೇಳಿಸಿದರೆ ಅದು ಉಚ್ಚಾರದ ಸೊಗಡೋ ರೆಕಾರ್ಡಿಂಗಿನ ದೋಷವೋ ಎಂದು ಮಿಕ್ಸ್ ಎಂಜಿನಿಯರಿಗೆ ಆ ಹಾಳೆಯೇ ಹೇಳಬೇಕು.

ಹಾಡುಗಳು ಮತ್ತು ಆರ್‌ಆರ್?

ಮೊದಲು ಪದದ ಗೊಂದಲ ತೀರಲಿ. ನಮ್ಮ ಚಿತ್ರರಂಗದಲ್ಲಿ ಆರ್‌ಆರ್, ಅಂದರೆ ರೀರೆಕಾರ್ಡಿಂಗ್, ಎಂದರೆ ಹಿನ್ನೆಲೆ ಸಂಗೀತ. ವಿದೇಶಿ ಪೋಸ್ಟ್ ಸಂಸ್ಥೆಗಳ ಕಾಗದಪತ್ರದಲ್ಲಿ ಅದೇ ಪದಕ್ಕೆ ಅಂತಿಮ ಮಿಕ್ಸಿಂಗ್ ಎಂಬ ಅರ್ಥ. ಒಪ್ಪಂದ ಬರೆಯುವಾಗ ಯಾವುದೆಂದು ಬಿಡಿಸಿ ಬರೆಯಿರಿ.

ಟೈಮ್‌ಲೈನಿನಲ್ಲಿರುವ ಎಂಪಿ3 ಹಾಡು ಜಾಗ ತೋರಿಸಲು ಮಾತ್ರ. ಸಂಗೀತ ನಿರ್ದೇಶಕರಿಂದ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಸ್ಟೆಮ್‌ಗಳನ್ನು ತರಿಸಿ: ಗಾಯನ, ಕೋರಸ್, ತಾಳವಾದ್ಯ, ತಂತಿ, ಬೇಸ್, ಕೀಬೋರ್ಡ್ ಬೇರೆ ಬೇರೆಯಾಗಿ. ಎಲ್ಲವೂ ಒಂದೇ ಬಿಂದುವಿನಿಂದ ಆರಂಭವಾಗಬೇಕು. ಕೊಳಲು ಮೊದಲ ನಿಮಿಷದಲ್ಲಿ ನುಡಿಯದಿದ್ದರೆ ಆ ನಿಮಿಷ ಮೌನವಾಗಿಯೇ ಫೈಲಿನಲ್ಲಿರಲಿ. ಆರ್‌ಆರ್ ಸ್ಟೆಮ್‌ಗಳು ರೀಲಿನ ಟೈಮ್‌ಕೋಡ್‌ಗೆ ಹೊಂದಿಕೊಂಡು ಬರಲಿ. ಎಡಿಟ್‌ನಲ್ಲಿ ಒಂದು ಚರಣ ತೆಗೆದಿದ್ದರೆ ಎಲ್ಲಿಂದ ಎಲ್ಲಿಗೆ ಜಿಗಿದಿದ್ದೀರಿ ಎಂದು ಬರೆದು ಕೊಡಿ.

44.1 ಕಿಲೋಹರ್ಟ್ಸ್ ಫೈಲನ್ನು ಪರಿವರ್ತಿಸದೆ 48ರಲ್ಲಿ ನುಡಿಸಿದರೆ 4 ನಿಮಿಷದ ಹಾಡು ಸುಮಾರು 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತದೆ. ಗಾಯಕರ ದನಿ ಯಾಕೋ ಎಳೆಯದಾಗಿದೆ ಅನಿಸಿದರೆ ಮೊದಲು ಇದನ್ನು ನೋಡಿ.

ಲಾಕ್ ಆದ ಮೇಲೂ ಬದಲಾವಣೆ ಬಂದರೆ?

ಬರುತ್ತದೆ. ಬದಲಾದ ರೀಲಿಗೆ ಮಾತ್ರ ಹೊಸ ಎಎಎಫ್, ಹೊಸ ರೆಫರೆನ್ಸ್ ವಿಡಿಯೋ, ಹೊಸ ಇಡಿಎಲ್ ಕೊಡಿ. ಹಳೆಯ ಇಡಿಎಲ್ ಕೂಡ ಬೇಕು, ಎರಡನ್ನೂ ಹೋಲಿಸಿಯೇ ಮಾಡಿದ ಕೆಲಸವನ್ನು ಹೊಸ ಜಾಗಕ್ಕೆ ಸರಿಸುವುದು. ಆವೃತ್ತಿ ಸಂಖ್ಯೆ ಏರಿಸಿ. ಫೈಲಿನ ಹೆಸರಲ್ಲಿ ‘ಫೈನಲ್’, ‘ಫೈನಲ್ ಹೊಸದು’ ಎಂದು ಬರೆಯುವುದು ಬಿಟ್ಟುಬಿಡಿ, ಸಂಖ್ಯೆ ಮತ್ತು ದಿನಾಂಕ ಸಾಕು. ಎರಡು ಸೆಕೆಂಡ್ ಅಷ್ಟೇ ಸರ್, ಫೋನಿನಲ್ಲಿ ಹೇಳುತ್ತೇನೆ ಎಂಬ ವ್ಯವಹಾರದಿಂದ ಕೆಟ್ಟ ರೀಲುಗಳೇ ಹೆಚ್ಚು.

ಸೆನ್ಸಾರ್ ಮ್ಯೂಟ್, ತಂಬಾಕು ಎಚ್ಚರಿಕೆ ಇವೆಲ್ಲ ಯಾರ ಕೆಲಸ?

ಸೆನ್ಸಾರ್ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿ ಪದವೊಂದನ್ನು ಮ್ಯೂಟ್ ಮಾಡಲು ಹೇಳಿದರೆ, ಸಂಭಾಷಣೆಯ ಸ್ಟೆಮ್‌ನಲ್ಲಿ ಮಾತ್ರ ಮ್ಯೂಟ್ ಆಗಬೇಕು. ಒಟ್ಟು ಮಿಕ್ಸ್‌ನಲ್ಲಿ ಕತ್ತರಿಸಿದರೆ ಮಳೆ, ಸಂಗೀತ ಎಲ್ಲವೂ ಅರ್ಧ ಸೆಕೆಂಡ್ ಸತ್ತುಹೋಗುತ್ತವೆ. ಶಾಟನ್ನೇ ತೆಗೆಯಲು ಹೇಳಿದರೆ ಅದು ಎಡಿಟ್ ಬದಲಾವಣೆ, ಮೇಲಿನ ಉತ್ತರ ಅನ್ವಯ.

ತಂಬಾಕು ಬಳಕೆ ತೋರಿಸುವ ಚಿತ್ರಗಳಿಗೆ ಆರಂಭದಲ್ಲೂ ಮಧ್ಯದಲ್ಲೂ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ಕನಿಷ್ಠ 20 ಸೆಕೆಂಡಿನ ಎಚ್ಚರಿಕೆ ಕಡ್ಡಾಯ. ಇವಕ್ಕೂ ಧ್ವನಿಯಿದೆ. ಇವು ರೀಲಿನೊಳಗೆ ಬರುತ್ತವೆಯೋ ಡಿಸಿಪಿ ಮಾಡುವವರು ಸೇರಿಸುತ್ತಾರೋ ಎಂದು ಮೊದಲೇ ಹೇಳಿ.

ಚಿತ್ರ ಎಲ್ಲಿ ಪ್ರದರ್ಶನವಾಗುತ್ತದೆ ಎಂದು ಸ್ಟುಡಿಯೋ ಯಾಕೆ ಕೇಳುತ್ತದೆ?

ಪ್ರತಿ ಜಾಗಕ್ಕೂ ಧ್ವನಿಯ ಜೋರಿನ ಅಳತೆ ಬೇರೆ. ಚಿತ್ರಮಂದಿರದ ಮಿಕ್ಸ್ ಅಳೆದು ಹೊಂದಿಸಿದ ಕೋಣೆಯಲ್ಲಿ ಕಿವಿಯ ತೀರ್ಮಾನ. ನೆಟ್‌ಫ್ಲಿಕ್ಸ್ ಕೇಳುವುದು ಸಂಭಾಷಣೆಯನ್ನು ಆಧರಿಸಿ ಅಳೆದ ಮೈನಸ್ 27 ಎಲ್‌ಕೆಎಫ್‌ಎಸ್ (ಸರಾಸರಿ ಜೋರಿನ ಮಾನ), ಎರಡು ಘಟಕ ಆಚೀಚೆ, ಟ್ರೂ ಪೀಕ್ (ಅತಿ ಎತ್ತರದ ಮಟ್ಟ) ಮೈನಸ್ 2. ಯುರೋಪಿನ ಪ್ರಸಾರ ಮಾನದಂಡ ಆರ್128ರಲ್ಲಿ ಮೈನಸ್ 23. ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ. ಚಿತ್ರಮಂದಿರದ 5.1 ಅನ್ನು ಹಾಗೇ ಮೊಬೈಲಿಗೆ ಬಿಟ್ಟರೆ ಪಿಸುಮಾತು ಕೇಳಿಸದು, ಫೈಟ್ ಕಿವಿ ಒಡೆದೀತು.

ಮರಳಿ ಪಡೆಯುವಾಗ ಡೈಲಾಗ್, ಮ್ಯೂಸಿಕ್, ಎಫೆಕ್ಟ್ಸ್ ಸ್ಟೆಮ್‌ಗಳನ್ನು ಬೇರೆ ಬೇರೆಯಾಗಿ ಕೇಳಿ ಪಡೆಯಿರಿ. ಚಿತ್ರ ನಾಳೆ ತೆಲುಗಿಗೋ ತಮಿಳಿಗೋ ಡಬ್ ಆಗುವುದಾದರೆ ಮಾತಿಲ್ಲದ ಪೂರ್ಣ ಎಂ ಆ್ಯಂಡ್ ಇ (ಸಂಗೀತ ಮತ್ತು ಎಫೆಕ್ಟ್ಸ್ ಮಾತ್ರವಿರುವ ಮಿಕ್ಸ್) ಬೇಕೇ ಬೇಕು. 5.1 ಫೈಲಿನ ಚಾನೆಲ್ ಅನುಕ್ರಮ ಬರೆದಿರಲಿ. ಒಂದು ಕ್ರಮದಲ್ಲಿ ಎಡ, ಬಲ, ಮಧ್ಯ ಬರುತ್ತದೆ, ಇನ್ನೊಂದರಲ್ಲಿ ಎಡ, ಮಧ್ಯ, ಬಲ. ಅದಲುಬದಲಾದರೆ ನಾಯಕನ ಮಾತು ಬಲಗಡೆ ಸ್ಪೀಕರಿನಿಂದ ಬರುತ್ತದೆ.

ಡ್ರೈವ್ ಕೊಡುವುದೋ ಅಪ್‌ಲೋಡ್ ಮಾಡುವುದೋ?

ಎಎಎಫ್ ಮತ್ತು ವಿಡಿಯೋ ಅಪ್‌ಲೋಡ್ ಮಾಡಬಹುದು. 50 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ 20 ಜಿಬಿಗೆ ಎಲ್ಲ ಸರಿಯಿದ್ದರೆ 53 ನಿಮಿಷ. ಸಂಜೆ ಸಿಲ್ಕ್ ಬೋರ್ಡ್ ದಾಟಿ ಡ್ರೈವ್ ತಲುಪಿಸುವುದಕ್ಕಿಂತ ಅದೇ ಬೇಗ. ಸೌಂಡ್ ರೋಲುಗಳು ನೂರಾರು ಜಿಬಿ ಇದ್ದರೆ ಡ್ರೈವೇ ಸರಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಮ್ಯಾಕ್ ಮತ್ತು ವಿಂಡೋಸ್ ಎರಡೂ ಓದಿ ಬರೆಯುತ್ತವೆ. ಎನ್‌ಟಿಎಫ್‌ಎಸ್ ಡ್ರೈವಿಗೆ ಮ್ಯಾಕ್ ಬರೆಯಲಾರದು, ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರದು. ಫೈಲಿನ ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಬಳಸಿ. ಕನ್ನಡ ಲಿಪಿಯ ಹೆಸರುಗಳು ಕೆಲವು ಸಾಫ್ಟ್‌ವೇರುಗಳಲ್ಲಿ ಇನ್ನೂ ಕೊಂಡಿ ಕಳಚಿಸುತ್ತವೆ, ಬೇಸರದ ಸಂಗತಿ. ನಕಲು ನಡೆಯುವಾಗ ಕರೆಂಟ್ ಹೋದರೆ ಅರ್ಧ ಬರೆದ ಫೈಲೂ ಪೂರ್ತಿಯಂತೆ ಕಾಣಬಹುದು. ಯುಪಿಎಸ್ ಮೇಲಿರಲಿ, ಮುಗಿದ ಮೇಲೆ ಗಾತ್ರ ಹೋಲಿಸಿ.

ಕಳಿಸುವ ಮೊದಲು ಎಲ್ಲ ಸರಿಯಿದೆ ಎಂದು ತಿಳಿಯುವುದು ಹೇಗೆ?

ಎಡಿಟ್ ಡ್ರೈವನ್ನು ಕಳಚಿ. ಎಎಎಫ್ ಮತ್ತು ವಿಡಿಯೋವನ್ನು ಬೇರೆ ಕಂಪ್ಯೂಟರಿಗೆ ಹಾಕಿ, ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೋ ಇನ್ನಾವುದರಲ್ಲೋ ಖಾಲಿ ಪ್ರಾಜೆಕ್ಟಿನಲ್ಲಿ ತೆರೆಯಿರಿ. ನಿಮ್ಮದೇ ಕಂಪ್ಯೂಟರಿನಲ್ಲಿ, ಡ್ರೈವ್ ಜೋಡಿಸಿಕೊಂಡೇ ಪರೀಕ್ಷಿಸಿದರೆ ಕಾಣೆಯಾದ ಫೈಲನ್ನೂ ಅದು ಹಳೆಯ ಜಾಗದಿಂದ ಸದ್ದಿಲ್ಲದೆ ತಂದುಕೊಟ್ಟುಬಿಡುತ್ತದೆ. ಬೀಪ್ ಎರಡರಲ್ಲೂ ಒಂದೇ ಫ್ರೇಮಿನಲ್ಲಿದೆಯೇ ನೋಡಿ. ರೀಲಿನ ಆರಂಭ, ನಡು, ಕೊನೆಯಲ್ಲಿ ಒಂದೊಂದು ನಿಮಿಷ ತುಟಿ ನೋಡಿ, ಕೊನೆಯದನ್ನು ಎಂದೂ ಬಿಡಬೇಡಿ. ಒಂದು ಕ್ಲಿಪ್ಪಿನ ಅಂಚನ್ನು ಹಿಂದಕ್ಕೆಳೆದು ಹ್ಯಾಂಡಲ್ ಇದೆಯೇ ಪರೀಕ್ಷಿಸಿ. ನೆಸ್ಟ್ ಇದ್ದ ಜಾಗಗಳಿಗೆ ಹೋಗಿ ಕೇಳಿ. ರೀಲಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಎಡಿಟ್ ಡ್ರೈವನ್ನು ಯಾವಾಗ ಖಾಲಿ ಮಾಡಬಹುದು?

ಡಿಸಿಪಿ ಚಿತ್ರಮಂದಿರದಲ್ಲಿ ಓಡಿದ್ದನ್ನು ನೋಡಿ, ಸ್ಟೆಮ್‌ಗಳು ಎರಡು ಬೇರೆ ಡ್ರೈವುಗಳಲ್ಲಿ ನಿಮ್ಮ ಕೈಸೇರಿದ ಮೇಲೆ. ಅಲ್ಲಿಯವರೆಗೆ ಒಂದು ಫೋಲ್ಡರನ್ನೂ ಸರಿಸಬೇಡಿ.